ನೋಡುತ್ತ ನಿಂತವರು

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವವರಿಗೆ ನಾಲ್ಕನೇ ಸೀಟಿನ ಕತೆ ಹೊಸದಲ್ಲ. ಮೂವರಿಗೆಂದು ಮಾಡಿದ ಸೀಟಿನ ತುದಿಯಲ್ಲಿ ಇನ್ನೊಬ್ಬರಿಗೆ ಒಂದಿಷ್ಟು ಜಾಗ ಬಿಡುವುದು ಇಲ್ಲಿನ ರೂಢಿ. ಬಿಡುವುದೂ ಬಿಡದಿರುವುದೂ ಮೊದಲೇ ಕೂತವರ ಮರ್ಜಿ. ಕರವಸ್ತ್ರ ಹಾಸಿ ಜಾಗ ಹಿಡಿಯುವ ಗುಂಪುಗಳಿವೆ, ತಿಳಿಯದೆ ಕೂತ ಹೊಸಬನನ್ನು ಎಬ್ಬಿಸಿ ನಿಲ್ಲಿಸುವ ಗುಂಪುಗಳಿವೆ, ದಿವಾದಲ್ಲಿ ಹತ್ತಲು ಬಂದವರಿಗೆ ಬಾಗಿಲಲ್ಲಿ ಕಾಲಿಡಲು ಬಿಡದವರೂ ಇದ್ದಾರೆ. ಡಬ್ಬಿಯ ಉಳಿದ ಜನ ಮೊದಲೆಲ್ಲ ಪೇಪರಿನಲ್ಲಿ ಮುಖ ಹುದುಗಿಸಿಕೊಂಡಿರುತ್ತಿದ್ದರು, ಈಗ ಮೊಬೈಲಿನಲ್ಲಿ.

ನಾನು ಕಲಿಸುತ್ತಿದ್ದ ಮೂರನೇ ತರಗತಿಯ ಮಕ್ಕಳು ಇದನ್ನೇ ಆಟವಾಗಿ ಆಡುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಬೆಂಚುಗಳೆಲ್ಲ ರೈಲಾಗುತ್ತಿದ್ದವು. ಒಬ್ಬ ಅನೌನ್ಸರ್, ಒಬ್ಬ ಟಿಸಿ, ಕೆಲವರು ಪ್ಯಾಸೆಂಜರುಗಳು. ಆಟ ನೋಡಲು ಚೆಂದವಾಗಿಯೇ ಇತ್ತು. ಆದರೆ ನಾಲ್ಕನೇ ಸೀಟು ಯಾವಾಗಲೂ ಒಬ್ಬನಿಗೇ. ಅವನು ಕೂರಲು ಬಂದರೆ ಮೂವರೂ ಕಾಲು ಅಗಲಿಸಿ ಕೂರುತ್ತಿದ್ದರು, ಅವನು ಜಾರಿ ಕೆಳಗೆ ಬಿದ್ದರೆ ಇಡೀ ರೈಲು ನಗುತ್ತಿತ್ತು. ಬಿದ್ದವನೂ ನಗುತ್ತಿದ್ದ. ಅವನ ಆ ನಗುವನ್ನು ನಂಬಬಾರದು ಎಂದು ನನಗೆ ಅನಿಸಿದ್ದು ಪಾಠ ಓದಿಸುವ ಹೊತ್ತಿನಲ್ಲಿ. ಜೂನ್‌ನಲ್ಲಿ ಗಟ್ಟಿಯಾಗಿ ಓದುತ್ತಿದ್ದ ಹುಡುಗ ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಬಾಯಿಯೇ ತೆರೆಯುತ್ತಿರಲಿಲ್ಲ.

ನಾನು ಮದುವೆಯಾಗಿ ಕುಂದಾಪುರದ ಕಡೆಯಿಂದ ಡೊಂಬಿವಲಿಗೆ ಬಂದದ್ದು 1983ರಲ್ಲಿ. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ಹುಟ್ಟಿದ ವರ್ಷ ಅದು. ಆಗ ಇಡೀ ಪ್ರದೇಶವೇ ಕಟ್ಟುವ ಕೆಲಸದಲ್ಲಿತ್ತು. ಮುಂಬಯಿಯಿಂದ ಖಾಡಿಯ ಆಚೆ ನವಿ ಮುಂಬಯಿಯನ್ನು ಕಟ್ಟಲೆಂದು 1970ರಲ್ಲಿ ಶುರುವಾದ ಸಿಡ್ಕೊ ಸಂಸ್ಥೆ ವಾಶಿ, ನೆರೂಳ, ಬೇಲಾಪುರಗಳನ್ನು ಎಬ್ಬಿಸುತ್ತಿತ್ತು. ಡೊಂಬಿವಲಿಯ ಎರಡೂ ಬದಿಗೆ ಬಿಲ್ಡಿಂಗುಗಳು ಏಳುತ್ತಿದ್ದವು. ಕಲ್ಲು ಒಡೆಯಲು, ಗಾರೆ ಕಲಸಲು, ಗೌಂಡಿ ಕೆಲಸಕ್ಕೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳು ಬಂದಿದ್ದವು. ಅವರಿಗೂ ಮೊದಲೇ ಕರಾವಳಿಯವರು ಹೋಟೆಲು, ಬ್ಯಾಂಕು, ಕಂಪನಿ ಕೆಲಸಗಳಲ್ಲಿ ಬೇರೂರಿದ್ದರು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕನ್ನಡಿಗರು ಇನ್ನೊಂದು ಬಗೆ. ಮಹಾರಾಷ್ಟ್ರದಲ್ಲೇ ಹುಟ್ಟಿ ಮನೆಯಲ್ಲಿ ಕನ್ನಡ ಆಡುವವರು. ಇವರೆಲ್ಲರ ಮಕ್ಕಳು ನಾನು ಕಲಿಸುತ್ತಿದ್ದ ಒಂದೇ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ, ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕ ಹಿಡಿದು, ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಮನೆಯಲ್ಲಿ ಒಬ್ಬನಿಗೆ ತುಳು, ಒಬ್ಬಳಿಗೆ ಕೊಂಕಣಿ, ಇನ್ನೊಬ್ಬಳಿಗೆ ಲಂಬಾಣಿ. ಹೊರಗೆ ಎಲ್ಲರಿಗೂ ಮರಾಠಿ, ಹಿಂದಿ. ಹೊರನಾಡಿನಲ್ಲಿ ಒಂದೇ ನುಡಿಯವರು ಒಂದೆಡೆ ಸೇರಿದರೆ ಒಬ್ಬರನ್ನೊಬ್ಬರು ಆತುಕೊಳ್ಳುತ್ತಾರೆ ಎಂದು ಸಭೆಗಳಲ್ಲಿ ಭಾಷಣ ಕೇಳುತ್ತೇವೆ. ತರಗತಿಯೊಳಗೆ ಹಾಗಿರಲಿಲ್ಲ.

ನಾಲ್ಕನೇ ಸೀಟಿನ ಆ ಹುಡುಗ ಯಾದಗಿರಿ ಕಡೆಯವನು. ಹಾಜರಿ ಕರೆದಾಗ 'ಅದೀನ್ರೀ' ಎನ್ನುತ್ತಿದ್ದ. ಒಂದು ದಿನ ಹಿಂದಿನ ಬೆಂಚಿನಿಂದ ಯಾರೋ 'ರೀ' ಎಂದು ಎಳೆದರು, ನಾಲ್ಕಾರು ಜನ ನಕ್ಕರು. ಅಲ್ಲಿಂದ ಅವನು ಏನು ಹೇಳಿದರೂ 'ರೀ' ಎಂಬ ಬಾಲ ಬರುತ್ತಿತ್ತು. ಅವನ ಡಬ್ಬಿಯ ಜೋಳದ ರೊಟ್ಟಿಗೆ ಒಂದು ಹೆಸರು, ಅಪ್ಪನ ಕೆಲಸಕ್ಕೆ ಒಂದು ಹೆಸರು, ಸಿಮೆಂಟಿನ ಧೂಳು ಹತ್ತಿದ ಚಪ್ಪಲಿಗೆ ಒಂದು ಹೆಸರು. ಹೋಟೆಲಿನವರ, ಬ್ಯಾಂಕಿನವರ ಮಕ್ಕಳು ಪುಸ್ತಕದ ಕನ್ನಡಕ್ಕೆ ಹತ್ತಿರವಾದ ಮಾತು ಆಡುತ್ತಿದ್ದರು. ತಮ್ಮದೇ ಸರಿಯಾದ ಕನ್ನಡ ಎಂಬ ಗರ್ವ ಅವರಲ್ಲಿತ್ತು. ಆ ಗರ್ವ ಮನೆಯಿಂದ ಬಂದದ್ದು, ಒಂದಿಷ್ಟು ಶಾಲೆಯಿಂದಲೂ ಬಂದದ್ದು. ಅಧ್ಯಾಪಕರಲ್ಲಿ ಕರಾವಳಿಯವರೇ ಹೆಚ್ಚು ಇದ್ದೆವಲ್ಲ.

ಕೊನೆಗೆ ಅವನ ತಾಯಿ ಕೆಲಸದ ಸೈಟಿನಿಂದ ಹಾಗೇ ಎದ್ದು ಬಂದರು. ತಲೆಯ ಮೇಲಿನ ಸಿಂಬೆ ಕೈಯಲ್ಲಿತ್ತು. 'ಸಾಲಿಗಿ ಹೋಗಂಗಿಲ್ಲ ಅಂತಾನ್ರೀ ಟೀಚರ್. ಯಾಕಂದ್ರ ಹೇಳಂಗಿಲ್ಲ. ಚ್ಯಾಷ್ಟಿ ಮಾಡ್ತಾರೇನ್ರೀ?' ಎಂದು ಕೇಳಿದರು. ಮಗ ಹೇಳದಿದ್ದರೂ ಅವರಿಗೆ ಗೊತ್ತಾಗಿತ್ತು. ಅವರೂ ದಿನವಿಡೀ ಅದನ್ನೇ ಕೇಳಿಸಿಕೊಂಡು ಕೆಲಸ ಮಾಡುವವರು.

ಆ ಕಾಲದ ಶಾಲೆಗಳಲ್ಲಿ ಇದಕ್ಕೆ ಮದ್ದು ಒಂದೇ, ಬೆತ್ತ. ನನ್ನ ಸಹೋದ್ಯೋಗಿಯೊಬ್ಬರು ಗೇಲಿ ಶುರು ಮಾಡಿದ ಹುಡುಗನನ್ನು ಕರೆಸಿ, ಎಲ್ಲರೆದುರು ಅಂಗೈ ಕೆಂಪಾಗುವಂತೆ ಕೊಟ್ಟರು. ನ್ಯಾಯ ಸಿಕ್ಕಿತೆಂದು ಅವರು ಪ್ರಾಮಾಣಿಕವಾಗಿಯೇ ತಿಳಿದಿದ್ದರು. ಮರುದಿನದಿಂದ ತರಗತಿಯಲ್ಲಿ ಸದ್ದಿಲ್ಲ. ಎಲ್ಲ ಮೆಟ್ಟಿಲ ಕೆಳಗೆ, ನಲ್ಲಿಯ ಹತ್ತಿರ, ಮನೆಗೆ ಹೋಗುವ ದಾರಿಯಲ್ಲಿ. ಈ ಬಾರಿ 'ಚಾಡಿಕೋರ' ಎಂಬ ಹೊಸ ಹೆಸರೂ ಸೇರಿತ್ತು. ಪೆಟ್ಟು ತಿಂದವನು ಗುಂಪಿನಲ್ಲಿ ಇನ್ನಷ್ಟು ದೊಡ್ಡವನಾಗಿದ್ದ.

ನಾನು ಗೇಲಿ ಮಾಡಿದವನನ್ನು ಬಿಟ್ಟು ನಕ್ಕವರನ್ನು ಕರೆದೆ. ಒಟ್ಟಿಗೆ ಅಲ್ಲ, ಒಬ್ಬೊಬ್ಬರನ್ನೇ, ಬೇರೆ ಬೇರೆ ಹೊತ್ತಿನಲ್ಲಿ, ಚಾಕ್ ಪೆಟ್ಟಿಗೆ ತರಲು ಕಳಿಸಿದ ಹಾಗೆ ಮಾಡಿ. 'ಅವನು ಹಾಗೆ ಅಂದಾಗ ನೀನು ಯಾಕೆ ನಕ್ಕೆ ಮಗಾ?' ಎಂದಷ್ಟೇ ಕೇಳಿದೆ. 'ಎಲ್ಲರೂ ನಕ್ರು ಟೀಚರ್' ಎಂದರು ಹೆಚ್ಚಿನವರು. 'ತಮಾಷೆಗೆ' ಎಂದರು ಕೆಲವರು. ಒಬ್ಬ ಹುಡುಗ, ತುಂಬಾ ಸೌಮ್ಯ ಸ್ವಭಾವದವನು, ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ: 'ನಗದಿದ್ರೆ ನಾಳೆ ನನ್ನನ್ನೇ ಶುರು ಮಾಡ್ತಾನೆ ಟೀಚರ್.'

ಈ ಒಂದು ಮಾತು ನನಗೆ ತರಬೇತಿ ಶಿಬಿರಗಳಲ್ಲಿ ಸಿಗದ್ದನ್ನು ಕೊಟ್ಟಿತು. ಅಲ್ಲಿಯವರೆಗೆ ನಾವು ಎರಡೇ ಮಕ್ಕಳನ್ನು ನೋಡುತ್ತಿದ್ದೆವು, ಕಾಡಿಸುವವನು ಮತ್ತು ಅಳುವವನು. ಸುತ್ತ ನಿಂತ ಮೂವತ್ತು ಚಿಲ್ಲರೆ ಮಕ್ಕಳು ನಮ್ಮ ಲೆಕ್ಕಕ್ಕೇ ಇರಲಿಲ್ಲ. ಅವರು ಕೆಟ್ಟವರಲ್ಲ, ಹೆದರಿದವರು. ಅವರ ಹೆದರಿಕೆ ನಗುವಾಗಿ ಹೊರಬರುತ್ತಿತ್ತು, ಆ ನಗುವೇ ಕಾಡಿಸುವವನಿಗೆ ಕೂಲಿ. ಕೂಲಿ ಸಿಗುವವರೆಗೆ ಅವನು ಕೆಲಸ ನಿಲ್ಲಿಸುವುದಿಲ್ಲ.

ಹಾಗಾಗಿ ನಕ್ಕವರ ಹತ್ತಿರವೇ ಸಣ್ಣ ಸಣ್ಣ ಕೆಲಸ ಕೇಳಿದೆ. ಅವನನ್ನು ಎದುರಿಸು ಎಂದು ಯಾವ ಮಗುವಿಗೂ ಹೇಳಲಿಲ್ಲ. ಎಂಟು ವರ್ಷದ ಮಗುವಿಗೆ ಅದು ಹೊರಲಾರದ ಭಾರ. ಒಬ್ಬನಿಗೆ, ನಾಳೆ ನೀನು ನಗಬೇಡ, ಅಷ್ಟು ಸಾಕು ಎಂದೆ. ಇನ್ನೊಬ್ಬಳಿಗೆ, ಡಬ್ಬಿ ತಿನ್ನುವಾಗ ಯಾದಗಿರಿಯ ಹುಡುಗನ ಬೆಂಚಿಗೆ ಹೋಗಿ ಕೂತುಕೋ, ಮಾತಾಡಲೇಬೇಕೆಂದಿಲ್ಲ ಎಂದೆ. ಮತ್ತೊಬ್ಬನಿಗೆ, ಮೆಟ್ಟಿಲ ಕೆಳಗೆ ಗುಂಪು ಕಂಡರೆ ನನ್ನನ್ನು ಕರೆ, ಅಥವಾ ಶಾಲೆ ಗುಡಿಸುವ ಮಾವಶಿಯನ್ನು ಕರೆ ಎಂದೆ. ಹೀಗೆ ಕರೆಯುವುದು ಚಾಡಿಯಲ್ಲ ಎಂಬುದನ್ನು ಇಡೀ ತರಗತಿಗೆ ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಯಿತು: ಒಬ್ಬರಿಗೆ ಶಿಕ್ಷೆ ಆಗಲಿ ಎಂದು ಹೇಳುವುದು ಬೇರೆ, ಒಬ್ಬರಿಗೆ ಆಗುತ್ತಿರುವ ನೋವು ನಿಲ್ಲಲಿ ಎಂದು ಹೇಳುವುದು ಬೇರೆ. ಮಕ್ಕಳಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ದೊಡ್ಡವರಿಗೆ ತಡ.

ಬದಲಾವಣೆ ಒಂದು ವಾರದಲ್ಲಿ ಆಗಲಿಲ್ಲ. ಆದರೆ ಒಂದು ದಿನ ಹಿಂದಿನ ಬೆಂಚಿನಿಂದ 'ರೀ' ಎಂದು ಬಂದಾಗ ಯಾರೂ ನಗಲಿಲ್ಲ. ಹೇಳಿದವನು ಸುತ್ತ ನೋಡಿದ. ಆಮೇಲೆ ಪುಸ್ತಕ ತೆರೆದ. ಜೊತೆಗೆ ಇನ್ನೊಂದು ಕೆಲಸ ಮಾಡಿದೆ. ಬರೆಯುವಾಗ ಪುಸ್ತಕದ ಕನ್ನಡ, ಮಾತಾಡುವಾಗ ಅವರವರ ಮನೆಯ ಕನ್ನಡ ಎಂದು ತರಗತಿಯಲ್ಲಿ ಗೊತ್ತು ಮಾಡಿದೆ. ಕತೆ ಹೇಳುವ ಪೀರಿಯಡ್ಡಿನಲ್ಲಿ ಯಾದಗಿರಿಯ ಹುಡುಗ ತನ್ನ ಅಜ್ಜಿ ಹೇಳಿದ ನರಿ ಮತ್ತು ಮೊಸಳೆಯ ಕತೆಯನ್ನು ತನ್ನ ಮಾತಿನಲ್ಲೇ ಹೇಳಿದ. ಚೆನ್ನಾಗಿ ಹೇಳಿದ ಎಂದೇನಲ್ಲ, ನಡುವೆ ಮರೆತ. ಆದರೆ ಪೂರ್ತಿ ಹೇಳಿದ.

ಬಹಳ ವರ್ಷಗಳ ನಂತರ, ಮಕ್ಕಳ ನಡುವಿನ ಕಾಟ ತಡೆಯಲು ನಾರ್ವೆ, ಫಿನ್‌ಲ್ಯಾಂಡುಗಳಲ್ಲಿ ನಡೆದ ಕೆಲಸದ ಬಗ್ಗೆ ಓದಿದೆ. ನಾರ್ವೆಯಲ್ಲಿ 1982ರ ಕೊನೆಗೆ ಸಹಪಾಠಿಗಳ ಕಾಟ ತಾಳಲಾರದೆ ಹುಡುಗರು ಜೀವ ಕಳೆದುಕೊಂಡ ಮೇಲೆ ಇಡೀ ದೇಶ ಬೆಚ್ಚಿ, 1983ರಲ್ಲಿ ಎಲ್ಲ ಶಾಲೆಗಳಲ್ಲೂ ಆಂದೋಲನ ನಡೆಯಿತು. ಡಾನ್ ಓಲ್ವಿಯಸ್ ಎಂಬ ಮನಶ್ಶಾಸ್ತ್ರಜ್ಞರು ಅದರ ಹಿಂದಿದ್ದರು. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಸುತ್ತ ನಿಂತು ನೋಡುವ ಮಕ್ಕಳು ಏನು ಮಾಡುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ ಎಂದು ಅಧ್ಯಯನದಿಂದ ತೋರಿಸಿ, 'ಕಿವಾ' ಎಂಬ ಕಾರ್ಯಕ್ರಮ ರೂಪಿಸಿದರು. ನಕ್ಕು ಹುರಿದುಂಬಿಸುವವರು, ಜೊತೆಗೆ ಕೈಹಾಕುವವರು, ದೂರ ಸರಿಯುವವರು, ಪರ ನಿಲ್ಲುವವರು ಎಂದು ಅವರು ಗುರುತಿಸಿದ ಪಾತ್ರಗಳಲ್ಲಿ ನನ್ನ ತರಗತಿಯ ಪ್ರತಿಯೊಬ್ಬರ ಮುಖವೂ ಕಂಡಿತು. ದೂರದ ಹಿಮದ ಊರಿನ ಮಕ್ಕಳೂ ಡೊಂಬಿವಲಿಯ ಮಕ್ಕಳೂ ಹೆದರುವ ಬಗೆ ಒಂದೇ ಎಂದು ತಿಳಿದಾಗ ನನಗೆ ಒಂದು ಬಗೆಯ ಧೈರ್ಯ ಬಂತು.

ಗೇಲಿ ಶುರು ಮಾಡುತ್ತಿದ್ದ ಹುಡುಗನ ಬಗ್ಗೆಯೂ ಹೇಳಬೇಕು. ಅವನು ಊರಿನಿಂದ ಸೋದರಮಾವನ ಮನೆಗೆ ಬಂದವನು. ಮಾವ ಕಲ್ಯಾಣದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಶಾಲೆ ಬಿಟ್ಟ ಮೇಲೆ ಇವನೂ ಅಲ್ಲಿ ಲೋಟ ತೊಳೆಯುತ್ತಿದ್ದ. ಲೋಟ ಒಡೆದರೆ ಗಿರಾಕಿಗಳ ಎದುರೇ ಕೆನ್ನೆಗೆ ಬೀಳುತ್ತಿತ್ತು. ಚಾ ಕುಡಿಯುತ್ತಿದ್ದವರು ತಲೆ ಎತ್ತಿ ನೋಡಿ ಮತ್ತೆ ಕುಡಿಯುತ್ತಿದ್ದರು. ಇದನ್ನು ಅವನೇ ಹೇಳಿದ್ದು, ದೂರಿನಂತೆ ಅಲ್ಲ, ಸುಮ್ಮನೆ ನಡೆದದ್ದನ್ನು ಹೇಳುವಂತೆ. ಮಾವನನ್ನು ಕರೆಸಿ ಮಾತಾಡಿದೆ. 'ನಾವೂ ಹಾಗೇ ದೊಡ್ಡವರಾದದ್ದು ಟೀಚರ್, ರಾತ್ರಿ ಶಾಲೆಗೆ ಹೋಗಿ ಕಲಿತವರು' ಎಂದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಓದಿದ ತಲೆಮಾರುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಆ ಗೌರವ ಒಂದು ಮಗುವಿನ ಕೆನ್ನೆಗೆ ಬೀಳುವ ಏಟನ್ನು ಸರಿ ಮಾಡುವುದಿಲ್ಲ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಹುಡುಗ ತರಗತಿಯಲ್ಲಿ ಸ್ವಲ್ಪ ತಣ್ಣಗಾದ, ಆಟದ ಮೈದಾನದಲ್ಲಿ ಆಗಲಿಲ್ಲ. ನಾಲ್ಕನೇ ತರಗತಿ ಮುಗಿದ ಮೇಲೆ ಊರಿಗೆ ಹೋದವನು ಮತ್ತೆ ಬರಲಿಲ್ಲ.

ಮಕ್ಕಳು ಒಬ್ಬರಿಗೊಬ್ಬರು ಇಡುವ ಹೆಸರುಗಳನ್ನು ಅವರಾಗಿ ಕಟ್ಟುವುದು ಕಡಿಮೆ. ಹೊರಗೆ ಏನು ಓಡುತ್ತಿದೆಯೋ ಅದು ಒಳಗೆ ಬರುತ್ತದೆ. 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ವಿರುದ್ಧ ಚಳವಳಿ ನಡೆಸಿದ ದಿನಗಳಲ್ಲಿ ಇಲ್ಲಿ ಶಾಲೆಗೆ ಹೋದ ನಮ್ಮ ಹಿರಿಯರು, ತಾವು ತಮಿಳರಲ್ಲದಿದ್ದರೂ 'ಮದ್ರಾಸಿ' ಎಂಬ ಕೂಗು ಕೇಳಿಸಿಕೊಂಡೇ ಬೆಳೆದರು. ನನ್ನ ಯಜಮಾನರು ಆ ಮಾತು ಬಂದರೆ ಈಗಲೂ ವಿಷಯ ಬದಲಿಸುತ್ತಾರೆ. 2008ರಲ್ಲಿ ಉತ್ತರ ಭಾರತೀಯರ ಮೇಲೆ ದಾಳಿ ನಡೆದಾಗ, ಕಲ್ಯಾಣದ ಕೋರ್ಟಿನ ಸುತ್ತ ಗಲಾಟೆ ಎದ್ದು ಲೋಕಲ್ ಓಡಾಟವೇ ಅಸ್ತವ್ಯಸ್ತವಾದಾಗ, ನಮ್ಮ ಮಕ್ಕಳ ಬಾಯಲ್ಲಿ 'ಭೈಯಾ' ಬೈಗುಳವಾಯಿತು. ಒಂದು ಕಾಲಕ್ಕೆ ನಮ್ಮ ಮೇಲೆ ಎಸೆದ ಕಲ್ಲನ್ನೇ ಎತ್ತಿಕೊಂಡು ನಮ್ಮ ಮೊಮ್ಮಕ್ಕಳು ಬೇರೆಯವರ ಮೇಲೆ ಎಸೆಯುತ್ತಿದ್ದಾರಲ್ಲ ಎಂದು ಆ ದಿನಗಳಲ್ಲಿ ನಾನು ತುಂಬಾ ಸಂಕಟಪಟ್ಟೆ. 2020ರಲ್ಲಿ ಕಾಯಿಲೆ ಬಂದಾಗ ಈಶಾನ್ಯದ ಮುಖಗಳಿಗೆ 'ಕರೋನಾ' ಎಂದು ಕೂಗಿದ್ದೂ ಇದೇ ದಾರಿಯಲ್ಲಿ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು 1993ರ ಜನವರಿ. ಮುಂಬಯಿಯಲ್ಲಿ ಗಲಭೆ ನಡೆದು, ಅಲ್ಲಿಂದ ಎಷ್ಟೋ ಮುಸ್ಲಿಂ ಕುಟುಂಬಗಳು ನಮ್ಮ ಮುಂದಿನ ಮುಂಬ್ರಾಕ್ಕೆ ಬಂದು ನೆಲೆಸಿದ ಕಾಲ. ಶಾಲೆ ಮತ್ತೆ ತೆರೆದ ದಿನ ವಿಜಯಪುರ ಕಡೆಯ ಒಬ್ಬ ಮುಸ್ಲಿಂ ಹುಡುಗಿ ಎಂದಿನಂತೆ ಬಂದು ಎಂದಿನ ಬೆಂಚಿನಲ್ಲಿ ಕೂತಳು. ಅವಳ ಬೆಂಚಿಗೆ ಯಾರೂ ಬರಲಿಲ್ಲ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ, ತಳ್ಳಲಿಲ್ಲ, ಚೀಲ ಎಳೆಯಲಿಲ್ಲ. ದೂರು ಬರೆಯಲು ಏನೂ ಇರಲಿಲ್ಲ. ಖಾಲಿ ಜಾಗ ಅಷ್ಟೇ. ಮಕ್ಕಳು ಮಕ್ಕಳಿಗೆ ಮಾಡಬಹುದಾದ ಅತಿ ದೊಡ್ಡ ಹಿಂಸೆ ಅದು ಎಂದು ಆ ದಿನ ನೋಡಿದೆ.

ಮೂರನೇ ಪೀರಿಯಡ್ಡಿನ ಹೊತ್ತಿಗೆ ಒಬ್ಬ ಹುಡುಗಿ ಎದ್ದು, ನನ್ನನ್ನೂ ಕೇಳದೆ, ಪಾಟಿಚೀಲ ಎತ್ತಿಕೊಂಡು ಹೋಗಿ ಅವಳ ಪಕ್ಕ ಕೂತಳು. ಮರುದಿನ ಆ ಹುಡುಗಿಯ ತಾಯಿ ಬಂದರು. 'ಟೀಚರ್, ನನ್ನ ಮಗಳನ್ನು ನೀವು ಅಲ್ಲಿ ಕೂರಿಸಿದ್ರಂತೆ.'

'ನಾನು ಕೂರಿಸಲಿಲ್ಲ. ಅವಳೇ ಹೋಗಿ ಕೂತಳು.'

'ಹಾಗಾದ್ರೆ ಎಬ್ಬಿಸಿ.'

'ನಾನು ಎಬ್ಬಿಸುವುದಿಲ್ಲ. ನೀವು ಬೇಕಾದರೆ ತರಗತಿಗೆ ಬಂದು ಎಬ್ಬಿಸಿ. ನಲವತ್ತು ಮಕ್ಕಳು ನೋಡುತ್ತಾರೆ.'

ಅವರು ಬಾಗಿಲವರೆಗೆ ಬಂದರು. ಒಳಗೆ ಇಬ್ಬರೂ ತಲೆಗೆ ತಲೆ ತಾಗಿಸಿ ಒಂದೇ ಪುಸ್ತಕದಲ್ಲಿ ಏನೋ ನೋಡುತ್ತಿದ್ದರು. ತಾಯಿ ಸ್ವಲ್ಪ ಹೊತ್ತು ನಿಂತು, 'ಅವರಪ್ಪ ಬೈತಾರೆ ಟೀಚರ್' ಎಂದರು. ಆಮೇಲೆ ಹೊರಟುಹೋದರು. ಆ ತಾಯಿಯನ್ನು ನಾನು ಕೆಟ್ಟವರೆನ್ನಲಾರೆ. ಅವರೂ ಹೆದರಿದವರೇ, ಮೂರನೇ ತರಗತಿಯ ಆ ಸೌಮ್ಯ ಹುಡುಗನಂತೆ. ಫೆಬ್ರವರಿಯ ಹೊತ್ತಿಗೆ ಆ ಬೆಂಚಿನಲ್ಲಿ ಮೂವರಿದ್ದರು.

ನಮ್ಮ ಶಾಲೆಗಳಲ್ಲಿ ಗೌರವದ ಪಾಠ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅದು ಮೇಲ್ಮುಖವಾಗಿಯೇ ಹರಿಯುತ್ತದೆ. ದೊಡ್ಡವರು ಬಂದರೆ ಎದ್ದು ನಿಲ್ಲು, ಗುರುಗಳಿಗೆ ನಮಸ್ಕರಿಸು, ಎದುರು ಮಾತಾಡಬೇಡ. ಪಕ್ಕದಲ್ಲಿ ಕೂತವನಿಗೆ, ತನಗಿಂತ ಚಿಕ್ಕವನಿಗೆ, ಶಾಲೆ ಗುಡಿಸುವ ಮಾವಶಿಗೆ ಏನು ಸಲ್ಲಬೇಕು ಎಂಬುದು ಬಾಯಿಪಾಠದಲ್ಲಿ ಬಂದು ಹೋಗುತ್ತದೆ. ಪುಸ್ತಕದ ಮೊದಲ ಪುಟದಲ್ಲಿರುವ ಪ್ರತಿಜ್ಞೆಯನ್ನು ಮಕ್ಕಳು ದಿನಾ ಬೆಳಿಗ್ಗೆ ಕೈ ಮುಂದೆ ಚಾಚಿ ಹೇಳುತ್ತಾರೆ. ಪೈಡಿಮರ್ರಿ ವೆಂಕಟಸುಬ್ಬರಾವ್ ಎಂಬ ಸರ್ಕಾರಿ ಅಧಿಕಾರಿ 1962ರಲ್ಲಿ ತೆಲುಗಿನಲ್ಲಿ ಬರೆದದ್ದು ಅದು. ತಂದೆತಾಯಿ, ಗುರುಹಿರಿಯರನ್ನು ಗೌರವಿಸುವ ಮಾತಿನ ಬೆನ್ನಿಗೇ ಪ್ರತಿಯೊಬ್ಬರೊಡನೆಯೂ ಸೌಜನ್ಯದಿಂದ ನಡೆಯುವ ಮಾತೂ ಅದರಲ್ಲಿದೆ. ಮೊದಲನೆಯದನ್ನು ಪಾಲಿಸದ ಮಗುವಿಗೆ ಶಿಕ್ಷೆಯಾಗುತ್ತದೆ. ಎರಡನೆಯದನ್ನು ಪಾಲಿಸದ ದೊಡ್ಡವರನ್ನು ಮಕ್ಕಳು ದಿನಾ ನೋಡುತ್ತಾರೆ.

ಸ್ಟಾಫ್ ರೂಮಿನಲ್ಲೇ ಅದು ಶುರುವಾಗುತ್ತದೆ. 'ಆ ಕರಿಯ', 'ಆ ಗೌಂಡಿಯವನು', 'ಆ ದಪ್ಪನೆಯವಳು' ಎಂದು ನಮ್ಮೊಳಗೆ ಆಡಿದ ಮಾತು ಹೇಗೋ ತರಗತಿಗೆ ತಲುಪುತ್ತದೆ. ಕಡಿಮೆ ಅಂಕ ಬಂದ ಪೇಪರನ್ನು ಎತ್ತಿ ಹಿಡಿದು ತೋರಿಸಿದ ಅಧ್ಯಾಪಕ, ಆ ಮಗುವನ್ನು ಗೇಲಿ ಮಾಡಲು ನಲವತ್ತು ಜನರಿಗೆ ಪರವಾನಗಿ ಕೊಟ್ಟಂತೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತ ಹೋಯಿತೆಂದು ಕೆಲವರು ಬೇಸರಪಟ್ಟರು. ನನಗೆ ಮಾತ್ರ, ಆ ಎರಡನೇ ಭಾಗವನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ಟಾಫ್ ರೂಮಿನ ಗೋಡೆಗೆ ಹಚ್ಚಬೇಕೆನಿಸಿತು. ಹಚ್ಚಿದೆ ಕೂಡ.

ಮಹಾರಾಷ್ಟ್ರದಲ್ಲಿ 2017ರಿಂದ ನವೆಂಬರ್ 7 ವಿದ್ಯಾರ್ಥಿ ದಿನ. 1900ರ ಆ ದಿನ ಅಂಬೇಡ್ಕರ್ ಸಾತಾರಾದ ಶಾಲೆಗೆ ಸೇರಿದರು. ಅವರು ತಮ್ಮ ಬಾಲ್ಯದ ಬಗ್ಗೆ ಬರೆದದ್ದನ್ನು ಓದಿದವರಿಗೆ ಗೊತ್ತು: ಕೂರಲು ಮನೆಯಿಂದ ಗೋಣಿ ತರಬೇಕಿತ್ತು, ಬಾಯಾರಿದರೆ ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ತಿರುಗಿಸಿದರೆ ನೀರು, ಅವನು ಇಲ್ಲದ ದಿನ ನೀರಿಲ್ಲ. ಆ ತರಗತಿಯಲ್ಲಿ ಗುರುಗಳಿದ್ದರು, ಬೇರೆ ಮಕ್ಕಳೂ ಇದ್ದರು. ಎಲ್ಲರ ಕಣ್ಣೆದುರೇ ನಡೆದದ್ದು. ವಿದ್ಯಾರ್ಥಿ ದಿನದಂದು ಅಂಬೇಡ್ಕರರ ಸಾಧನೆಗಳ ಪಟ್ಟಿ ಓದಿಸುತ್ತಾರೆ, ಅದು ಬೇಕು. ಆದರೆ ಆ ನಲ್ಲಿಯ ಹತ್ತಿರ ನಿಂತಿದ್ದ ಉಳಿದ ಹುಡುಗರು ಏನು ಮಾಡಬಹುದಿತ್ತು ಎಂದು ಮಕ್ಕಳನ್ನು ಕೇಳಿದರೆ ಅವರು ಕೊಡುವ ಉತ್ತರಗಳು ಬೇರೆಯೇ ಇರುತ್ತವೆ. ನಮ್ಮ ಮಕ್ಕಳ ನಡುವೆ ಮನೆತನದ ಹೆಸರು ಕೇಳಿ ಜಾತಿ ಲೆಕ್ಕ ಹಾಕುವುದು ಇನ್ನೂ ನಿಂತಿಲ್ಲ, ಆದ್ದರಿಂದ ಈ ಪ್ರಶ್ನೆ ಹಳೆಯದಾಗಿಲ್ಲ. ಇದೇ ನಾಡಿನ ಶಿಕ್ಷಕರಾದ ಸಾನೆ ಗುರೂಜಿ 1947ರಲ್ಲಿ ಪಂಢರಪುರದ ವಿಠ್ಠಲ ಮಂದಿರದ ಬಾಗಿಲು ದಲಿತರಿಗೆ ತೆರೆಯಲಿ ಎಂದು ಉಪವಾಸ ಕೂತರು, ಬಾಗಿಲು ತೆರೆಯಿತು. ಅವರ ಪ್ರಾರ್ಥನೆಯನ್ನು ಮರಾಠಿ ಶಾಲೆಗಳಲ್ಲಿ ಹಾಡುತ್ತಾರೆ. ಅದನ್ನು ಬರೆದವರು ಯಾರು, ಏನು ಮಾಡಿದರು ಎಂದು ಒಂದು ದಿನವಾದರೂ ಮಕ್ಕಳಿಗೆ ಹೇಳಬೇಕು.

ಈ ನೆಲದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಸಂಕ್ರಾಂತಿ. ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡೋಣ ಎನ್ನುವುದು ನಮ್ಮಲ್ಲೂ ಇದೆ, ತಿಳಗುಳ ಕೊಟ್ಟು ಸಿಹಿ ಮಾತಾಡೋಣ ಎನ್ನುವುದು ಮರಾಠಿಯವರಲ್ಲೂ ಇದೆ. ನಾನು ತರಗತಿಯಲ್ಲಿ ಒಂದೇ ನಿಯಮ ಇಟ್ಟೆ: ಮೊದಲ ಉಂಡೆ ಮಾತು ಬಿಟ್ಟು ಕಟ್ಟಿ ಮಾಡಿಕೊಂಡವರಿಗೆ. ಗೆಳೆಯ ಗೆಳತಿಯರಿಗೆ ಆಮೇಲೆ. ಯಾರ ಜೊತೆ ಕಟ್ಟಿ ಎಂದು ಹೇಳಬೇಕಾಗಿಲ್ಲ, ಅವರಿಗೇ ಗೊತ್ತು. ಮಕ್ಕಳು ಉಂಡೆ ಹಿಡಿದು ತರಗತಿಯ ನಡುವೆ ಸ್ವಲ್ಪ ಹೊತ್ತು ಗೊಂದಲದಲ್ಲಿ ನಿಲ್ಲುತ್ತಿದ್ದರು, ಆಮೇಲೆ ಒಬ್ಬರು ಹೊರಟರೆ ಎಲ್ಲರೂ ಹೊರಡುತ್ತಿದ್ದರು. ಕೆಲವು ಉಂಡೆಗಳು ಮಾತಿಲ್ಲದೆ ಕೈಬದಲಾಗುತ್ತಿದ್ದವು. ಅಷ್ಟಾದರೂ ಆಗಲಿ ಎಂದು ನಾನು ಒತ್ತಾಯಿಸುತ್ತಿರಲಿಲ್ಲ. ಒತ್ತಾಯದ ಕ್ಷಮೆಯಿಂದ ಏನೂ ಆಗದು. 'ಸಾರಿ ಹೇಳು' ಎಂದು ಕುತ್ತಿಗೆ ಹಿಡಿದು ಹೇಳಿಸಿದ ಮಕ್ಕಳ ಕಣ್ಣು ಆಗ ಎಲ್ಲಿರುತ್ತದೆ ಎಂದು ನೋಡಿದವರಿಗೆ ಇದು ತಿಳಿದಿದೆ.

ಈಗ ಕನ್ನಡ ಮಾಧ್ಯಮಕ್ಕೆ ಮಕ್ಕಳು ಕಡಿಮೆ. ನನ್ನ ವಿದ್ಯಾರ್ಥಿನಿಯೊಬ್ಬಳು ಘಣಸೋಲಿಯ ಇಂಗ್ಲಿಷ್ ಶಾಲೆಯೊಂದರಲ್ಲಿ ಪ್ರಾಥಮಿಕ ವಿಭಾಗದ ಶಿಕ್ಷಕಿ. ಆಗಾಗ ಫೋನ್ ಮಾಡುತ್ತಾಳೆ. ಅವಳ ತರಗತಿಯ ಜಗಳಗಳು ಮನೆಯ ಮೊಬೈಲಿಗೂ ಹೋಗಿವೆ. ಕರೋನಾ ಕಾಲದ ಆನ್‌ಲೈನ್ ಕ್ಲಾಸಿನಿಂದ ಮಕ್ಕಳ ಕೈಗೆ ಬಂದ ಫೋನ್ ಮರಳಿ ಹೋಗಲಿಲ್ಲ. ಒಬ್ಬಳ ಫೋಟೊದಿಂದ ಸ್ಟಿಕರ್ ಮಾಡಿ ಗುಂಪಿಗೆ ಹಾಕಿದರೆ ಅದಕ್ಕೆ ನಗುವ ಮುಖಗಳನ್ನು ಒತ್ತುವವರು ಇಪ್ಪತ್ತು ಮಂದಿ. ಇಲ್ಲಿಯೂ ಅವಳು ಒತ್ತಿದವರನ್ನೇ ಕರೆದು ಮಾತಾಡಿದಳಂತೆ.

ಅವಳ ಶಾಲೆಯಲ್ಲಿ ದೂರಿನ ಚೀಟಿ ಹಾಕುವ ತಕ್ರಾರ ಪೆಟ್ಟಿಗೆಯಿದೆ, ಗೋಡೆಯ ಮೇಲೆ 1098 ಬರೆದಿದೆ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ 1996ರಲ್ಲಿ ಮುಂಬಯಿಯಲ್ಲೇ ಶುರುವಾದ ಸಹಾಯವಾಣಿಯ ಸಂಖ್ಯೆ ಅದು. 2024ರ ಆಗಸ್ಟ್‌ನಲ್ಲಿ ಬದಲಾಪುರದ ಶಾಲೆಯಲ್ಲಿ ಎರಡು ಪುಟ್ಟ ಹುಡುಗಿಯರ ಮೇಲೆ ನಡೆದ ದೌರ್ಜನ್ಯ ಹೊರಬಂದು, ಜನ ರೈಲು ಹಳಿಗಿಳಿದ ಮೇಲೆ, ಶಾಲೆಗಳಲ್ಲಿ ಮಕ್ಕಳ ಸುರಕ್ಷತೆಗೆಂದು 2022ರಲ್ಲೇ ಸರ್ಕಾರ ಆದೇಶಿಸಿದ್ದ ಸಖಿ ಸಾವಿತ್ರಿ ಸಮಿತಿಗಳಿಗೆ ಜೀವ ಬಂತು. ಆ ಘೋರ ಅಪರಾಧವನ್ನೂ ಮಕ್ಕಳ ನಡುವಿನ ಕಾಟವನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಆದರೆ 'ನನ್ನ ಡಬ್ಬಿ ದಿನಾ ಬಿಚ್ಚಿ ನೋಡ್ತಾರೆ' ಎಂಬ ಸಣ್ಣ ದೂರನ್ನು ಕೇಳಿಸಿಕೊಳ್ಳದ ಶಾಲೆಗೆ ಯಾವ ಮಗುವೂ ದೊಡ್ಡ ದೂರನ್ನು ತರುವುದಿಲ್ಲ. ಸಣ್ಣ ಚೀಟಿಗೂ ಅದೇ ವಾರ ಉತ್ತರ ಸಿಗಬೇಕು ಎಂಬುದನ್ನು ನಾನು ಅವಳಿಗೆ ಹಠ ಹಿಡಿದು ಹೇಳಿದ್ದೇನೆ.

ಕಳೆದ ಸಲ ಮಾತಾಡಿದಾಗ ಅವಳ ತಲೆನೋವು ಬೇರೆಯದಿತ್ತು. ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಯ ರಿಕ್ಷಾ, ವ್ಯಾನುಗಳ ಬಗ್ಗೆ. ಐದನೆಯವರು ಕಿಟಕಿ ಹಿಡಿಯುತ್ತಾರೆ, ಒಂದನೆಯವರ ತೊಡೆಯ ಮೇಲೆ ಎಲ್ಲರ ಚೀಲ. ಒಬ್ಬಳಿಗೆ ದಿನಾ ಅಡ್ಡಹೆಸರಿನ ಹಾಡು. ಅಲ್ಲಿ ಅಧ್ಯಾಪಕರಿಲ್ಲ, ತಂದೆತಾಯಿಯಿಲ್ಲ. 'ಆದ್ರೆ ರಿಕ್ಷಾ ಕಾಕಾ ಇದ್ದಾರಲ್ಲ' ಎಂದೆ. 'ಕನ್ನಡಿಯಲ್ಲಿ ಎಲ್ಲ ಕಾಣ್ತದೆ ಅವರಿಗೆ.' ಅವರನ್ನು ಶಾಲೆಯ ಸಭೆಗೆ ಯಾರೂ ಕರೆದದ್ದೇ ಇಲ್ಲವಂತೆ. ಶುಲ್ಕ, ಪಾರ್ಕಿಂಗಿನ ಜಗಳವಿದ್ದಾಗ ಮಾತ್ರ ಮಾತು. ಹಾಗಾಗಿ ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಮೊದಲ ಶನಿವಾರ ಎಲ್ಲ ರಿಕ್ಷಾ, ವ್ಯಾನಿನವರನ್ನು ಚಹಾಕ್ಕೆ ಕರೆಯುವುದೆಂದು ನಿಶ್ಚಯವಾಗಿದೆ. ಅವರಲ್ಲಿ ಕೆಲವರು ಇಲ್ಲಿಯದೇ ಆಗ್ರಿ ಸಮುದಾಯದವರು, ಕೆಲವರು ಉತ್ತರ ಪ್ರದೇಶದವರು, ಇಬ್ಬರು ನಮ್ಮ ಕಲಬುರಗಿಯವರು. ಸೀಟು ವಾರಕ್ಕೊಮ್ಮೆ ಬದಲಾಗಲಿ, ಚಿಕ್ಕವರು ಮುಂದೆ ಕೂರಲಿ, ಹಾಡು ಶುರುವಾದರೆ ಗಾಡಿ ಬದಿಗೆ ನಿಲ್ಲಿಸಿ ಹಿಂದೆ ತಿರುಗಿ ನೋಡಲಿ ಎಂದು ಅವರನ್ನು ಕೇಳಿಕೊಳ್ಳಬೇಕು. ಕಲಬುರಗಿಯವರ ಜೊತೆ ಕನ್ನಡದಲ್ಲಿ ಮಾತಾಡಲು ನಾನು ಬರುತ್ತೇನೆ ಎಂದಿದ್ದೇನೆ. ಠಾಣೆಗೆ ಹೋಗಿ ವಾಶಿಯ ಗಾಡಿ ಹಿಡಿದರೆ ಘಣಸೋಲಿ ದೂರವೇನಲ್ಲ.